ಹಿತ್ತಿಲಲ್ಲಿ ಹಿಮದ ಅಳತೆ

ಪುರಿ ಮಾರುವವರು ಪುರಿಯನ್ನು ಸೇರಿನಲ್ಲಿ ಅಳೆದು ಕೊಡುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಪುರಿಯನ್ನು ಮೆಲ್ಲನೆ ಸುರಿದರೆ ಸೇರು ಬೇಗನೆ ತುಂಬಿಬಿಡುತ್ತದೆ. ಅದೇ ಸೇರನ್ನು ಎರಡು ಸಲ ಕುಲುಕಿದರೆ ಪುರಿ ತಗ್ಗಿ, ಇನ್ನೊಂದು ಹಿಡಿಗೆ ಸ್ಥಳವಾಗುತ್ತದೆ. ಹಾಗಾದರೆ ಒಂದು ಸೇರು ಪುರಿಯೆಂದರೆ ನಿಜವಾಗಿ ಎಷ್ಟು? ಅಳೆಯುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಕೊಳ್ಳುವವರಿಗೂ ಮಾರುವವರಿಗೂ ಒಮ್ಮತ ಸಾಧ್ಯವಿಲ್ಲ. ಶೀತದೇಶಗಳಲ್ಲಿ ತಮ್ಮ ಮನೆಯ ಹಿತ್ತಿಲಲ್ಲಿ ಬಿದ್ದ ಹಿಮವನ್ನು ಅಳೆಯುವವರ ಕಷ್ಟವೂ ಇಂಥದೇ. ಹಿಮವೂ ಪುರಿಯಂತೆ ಹಗುರವಾದ, ಸಂದುಗಳಲ್ಲಿ ಗಾಳಿ ತುಂಬಿದ, ತನ್ನ ಭಾರಕ್ಕೆ ತಾನೇ ಕುಗ್ಗುವ ವಸ್ತು. ಈ ಕಷ್ಟದಿಂದ ಒಂದು ದೇಶದ ದಾಖಲೆಯೇ ಕೈತಪ್ಪಿದ ಸಂದರ್ಭವೊಂದುಂಟು. ಅದರಿಂದಲೇ ಆರಂಭಿಸೋಣ.

ಕೈತಪ್ಪಿದ ದಾಖಲೆ

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿ, ಆಂಟೇರಿಯೋ ಸರೋವರದ ಪೂರ್ವಕ್ಕೆ, ಟಗ್ ಹಿಲ್ ಎಂಬ ಎತ್ತರದ ಪ್ರದೇಶವಿದೆ. ಅಲ್ಲಿ ಮಾಂಟೇಗ್ ಎಂಬುದೊಂದು ಊರು. 1997ರ ಜನವರಿ 11 ಮತ್ತು 12ರಂದು ಅಲ್ಲಿ ಘೋರ ಹಿಮಪಾತವಾಯಿತು. ಹವಾ ಇಲಾಖೆಗೆ ಸ್ವಂತ ಇಚ್ಛೆಯಿಂದ ನೆರವಾಗುತ್ತಿದ್ದ ಸ್ಥಳೀಯ ವೀಕ್ಷಕರೊಬ್ಬರು 24 ಗಂಟೆಗಳಲ್ಲಿ 77 ಅಂಗುಲ ಹಿಮ ಬಿದ್ದಿತೆಂದು ವರದಿ ಮಾಡಿದರು. 77 ಅಂಗುಲವೆಂದರೆ ಆರು ಅಡಿಗೂ ಮೇಲೆ. ಎತ್ತರದ ಆಳೊಬ್ಬನು ನಿಂತಲ್ಲೇ ಮುಳುಗಿಹೋಗುವಷ್ಟು. ಅಲ್ಲಿಯವರೆಗೆ ಆ ದೇಶದಲ್ಲಿ 24 ಗಂಟೆಗಳ ಅತ್ಯಧಿಕ ಹಿಮಪಾತವೆಂದು ಅಂಗೀಕೃತವಾಗಿದ್ದುದು, ಕೊಲರಾಡೋ ರಾಜ್ಯದ ಸಿಲ್ವರ್ ಲೇಕ್ ಎಂಬಲ್ಲಿ 1921ರ ಏಪ್ರಿಲ್ ತಿಂಗಳಲ್ಲಿ ಬಿದ್ದ ಸುಮಾರು 76 ಅಂಗುಲ. ಎಪ್ಪತ್ತಾರು ವರ್ಷಗಳ ಹಳೆಯ ದಾಖಲೆಯನ್ನು ಮಾಂಟೇಗ್ ಕೇವಲ ಒಂದಂಗುಲದಿಂದ ಮೀರಿದಂತಾಯಿತು.

ತಜ್ಞರ ಸಮಿತಿಯೊಂದು ಈ ವರದಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಹೊಸ ದಾಖಲೆಯೆಂದು ಒಪ್ಪಲು ನಿರಾಕರಿಸಿತು. ವೀಕ್ಷಕರು ಸುಳ್ಳು ಹೇಳಿರಲಿಲ್ಲ, ಅಳತೆಗೋಲಿನಲ್ಲಿಯೂ ದೋಷವಿರಲಿಲ್ಲ. ಅವರು ಆ 24 ಗಂಟೆಗಳಲ್ಲಿ ಆರು ಸಲ ಅಳೆದು ಕೂಡಿಸಿದ್ದರು. ನಿಯಮದ ಪ್ರಕಾರ ನಾಲ್ಕು ಸಲಕ್ಕಿಂತ ಹೆಚ್ಚು ಅಳೆಯುವಂತಿರಲಿಲ್ಲ. ಇಷ್ಟೇ ಅಡ್ಡಿ.

ಇದನ್ನು ಕೇಳಿದವರಿಗೆ, ಹೆಚ್ಚು ಸಲ ಅಳೆದರೆ ಅಳತೆ ಹೆಚ್ಚು ನಿಖರವಾಗಬೇಕಲ್ಲವೇ ಎಂಬ ಸಂದೇಹ ಬರುವುದು ಸಹಜ. ಪುರಿಯ ಸೇರನ್ನು ನೆನೆದರೆ ಸಂದೇಹ ಪರಿಹಾರವಾಗುತ್ತದೆ. ಹೊಸದಾಗಿ ಬಿದ್ದ ಹಿಮದ ಹರಳುಗಳ ತೋಳುಗಳು ಒಂದರೊಡನೊಂದು ತೊಡಕಿಕೊಂಡು ನಡುವೆ ಬಹಳ ಜಾಗವನ್ನು ಬಿಟ್ಟಿರುತ್ತವೆ. ಹೊತ್ತು ಕಳೆದಂತೆ ಮೇಲಿನ ಪದರದ ಭಾರಕ್ಕೆ ಕೆಳಗಿನ ತೋಳುಗಳು ಮುರಿಯುತ್ತವೆ, ಹರಳುಗಳು ದುಂಡಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಪದರ ಕುಗ್ಗುತ್ತದೆ. ಒಂದು ಗಂಟೆಗೊಮ್ಮೆ ಅಳೆದು ಹಲಗೆಯನ್ನು ಗುಡಿಸಿಬಿಟ್ಟರೆ ಹಿಮಕ್ಕೆ ಕುಗ್ಗಲು ಅವಕಾಶವೇ ಇರುವುದಿಲ್ಲ; ಮೊತ್ತ ಹೆಚ್ಚಾಗುತ್ತದೆ. ದಿನಕ್ಕೊಮ್ಮೆ ಅಳೆದರೆ ಅದೇ ಹಿಮ ಕುಗ್ಗಿ ಮೊತ್ತ ಕಡಿಮೆಯಾಗುತ್ತದೆ. ಎರಡೂ ಅಳತೆಗಳು ತಮ್ಮತಮ್ಮ ಮಟ್ಟಿಗೆ ಸರಿ. ಆದರೆ ಒಂದನ್ನು ಇನ್ನೊಂದರೊಡನೆ ಹೋಲಿಸುವಂತಿಲ್ಲ. ಹೋಲಿಸಲಾಗದ ಸಂಖ್ಯೆಯಿಂದ ವಿಜ್ಞಾನಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ಚಳಿಗಾಲದ ಆರಂಭದಲ್ಲೇ ಅಬ್ಬರವೇಕೆ?

ಮಾಂಟೇಗ್ ಊರಿನ ಹಿಮ ಬಂದದ್ದು ಎಲ್ಲಿಂದ? ಸರೋವರದಿಂದ. ಉತ್ತರ ಅಮೆರಿಕದ ಮಹಾಸರೋವರಗಳ ಪೂರ್ವ ಮತ್ತು ದಕ್ಷಿಣ ತೀರಗಳಲ್ಲಿ ನವೆಂಬರ್ ತಿಂಗಳು ಬಂದಿತೆಂದರೆ ಮನೆಮನೆಯ ವೀಕ್ಷಕರು ಅಳತೆಗೋಲನ್ನು ಹುಡುಕಿ ಇಟ್ಟುಕೊಳ್ಳಬೇಕಾಗುತ್ತದೆ. ಕಾರಣವನ್ನು ಭೌತಶಾಸ್ತ್ರದ ಪ್ರಾರಂಭದ ಪಾಠಗಳಲ್ಲಿಯೇ ಕಾಣಬಹುದು. ನೀರಿನ ವಿಶಿಷ್ಟೋಷ್ಣ ಅಧಿಕ. ಒಂದು ಘನ ಮೀಟರು ನೀರು ಒಂದು ಡಿಗ್ರಿ ತಣಿದಾಗ ಹೊರಬರುವ ಶಾಖವು ಮೂರು ಸಾವಿರ ಘನ ಮೀಟರಿಗೂ ಹೆಚ್ಚಿನ ಗಾಳಿಯನ್ನು ಒಂದು ಡಿಗ್ರಿ ಕಾಯಿಸಬಲ್ಲದು. ಬೇಸಗೆಯಲ್ಲಿ ಕಾದ ಸರೋವರ ಆದ್ದರಿಂದಲೇ ಬಹು ನಿಧಾನವಾಗಿ ತಣಿಯುತ್ತದೆ. ಭೂಮಿ ಹೆಪ್ಪುಗಟ್ಟತೊಡಗಿದಾಗಲೂ ನೀರು ಇನ್ನೂ ಬೆಚ್ಚಗಿರುತ್ತದೆ.

ಆಗ ಕೆನಡಾದ ಕಡೆಯಿಂದ ಕೊರೆಯುವ ಗಾಳಿ ಸರೋವರದ ಮೇಲೆ ಹಾಯುತ್ತದೆ. ತಳದಲ್ಲಿ ನೀರಿನ ಸೋಂಕಿನಿಂದ ಅದು ಬೆಚ್ಚಗಾಗಿ ಆವಿಯನ್ನು ಹೀರಿ ಮೇಲೇಳುತ್ತದೆ. ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿನ ಗಾಳಿ ನೀರಿಗಿಂತ 13 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ತಣ್ಣಗಿದ್ದರೆ ಈ ಮೇಲೇಳುವಿಕೆ ಪ್ರಬಲವಾಗುತ್ತದೆಂದು ಹವಾತಜ್ಞರು ಎಣಿಕೆ ಹಾಕುತ್ತಾರೆ. ಮೇಲೇರಿದ ಆವಿ ಹಿಮವಾಗಿ ಎದುರು ದಡದ ಮೇಲೆ ಸುರಿಯುತ್ತದೆ. ದಡದಾಚೆ ಟಗ್ ಹಿಲ್ಲಿನಂಥ ಏರು ನೆಲವಿದ್ದರೆ ಗಾಳಿ ಇನ್ನಷ್ಟು ಮೇಲಕ್ಕೆ ತಳ್ಳಲ್ಪಟ್ಟು ಹಿಮ ಇಮ್ಮಡಿಸುತ್ತದೆ. ಏರಿ ಸರೋವರದ ಸರಾಸರಿ ಆಳ ಸುಮಾರು 19 ಮೀಟರು ಮಾತ್ರ. ಆದ್ದರಿಂದ ಚಳಿಗಾಲದ ನಡುವೆ ಅದು ಬಹುಪಾಲು ಹೆಪ್ಪುಗಟ್ಟುವುದುಂಟು. ಹಾಗಾದಾಗ ಆವಿಗೆ ಮುಚ್ಚಳ ಹಾಕಿದಂತಾಗಿ ಹಿಮಪಾತ ತಗ್ಗುತ್ತದೆ. ಸರಾಸರಿ 86 ಮೀಟರು ಆಳವಿರುವ ಆಂಟೇರಿಯೋ ಪೂರ್ತಿಯಾಗಿ ಹೆಪ್ಪುಗಟ್ಟುವುದು ಅಪರೂಪ. ಅದರ ತೀರದ ಊರುಗಳಿಗೆ ಜನವರಿಯಲ್ಲಿಯೂ ಬಿಡುವಿಲ್ಲ.

ಈ ಹಿಮಮೋಡಗಳು ಇಡೀ ಆಕಾಶವನ್ನು ಕವಿಯುವುದಿಲ್ಲ. ಅವು ಉದ್ದನೆಯ, ಕಿರಿದಾದ ಪಟ್ಟಿಗಳಂತೆ ಹಬ್ಬುತ್ತವೆ. 2014ರ ನವೆಂಬರ್ 17ರಿಂದ 21ರವರೆಗೆ ಏರಿ ಸರೋವರದ ಪೂರ್ವ ತುದಿಯ ಬಫೆಲೋ ನಗರದಲ್ಲಿ ಆದದ್ದು ಇದೇ. ನಗರದ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಮೀರಿ ಹಿಮ ಬಿದ್ದರೆ, ಕೆಲವೇ ಮೈಲಿ ಉತ್ತರಕ್ಕಿದ್ದ ಭಾಗಗಳಲ್ಲಿ ಬಿದ್ದದ್ದು ಕೆಲವೇ ಅಂಗುಲ. ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇಂಥ ಸಂದರ್ಭದಲ್ಲಿ ವಿಮಾನ ನಿಲ್ದಾಣದ ಒಂದೇ ಅಳತೆಯನ್ನು ಇಡೀ ನಗರದ ಅಳತೆಯೆಂದು ನಂಬುವುದು ಅಪಾಯಕರ. ಪ್ರತಿಯೊಂದು ಬಡಾವಣೆಯಲ್ಲಿಯೂ ಕಣ್ಣಿಟ್ಟು ನೋಡುವವರು ಬೇಕು.

ಹಲಗೆ ಮತ್ತು ಅಳತೆಗೋಲು

ಮನೆಯ ವೀಕ್ಷಕರಿಗೆ ಬೇಕಾದ ಸಲಕರಣೆ ಅತಿ ಸರಳ: ಬಿಳಿಯ ಬಣ್ಣ ಬಳಿದ, ಒಂದೂವರೆ ಎರಡು ಅಡಿ ಚೌಕದ ಹಲಗೆ, ಅಂಗುಲದ ಹತ್ತನೆಯ ಒಂದು ಭಾಗವನ್ನು ತೋರಿಸುವ ಅಳತೆಗೋಲು. ಹುಲ್ಲಿನ ಮೇಲೆ ಬಿದ್ದ ಹಿಮವನ್ನು ಅಳೆದರೆ ಹುಲ್ಲಿನ ಎತ್ತರವೂ ಲೆಕ್ಕಕ್ಕೆ ಸೇರುತ್ತದೆ. ಬರಿಯ ನೆಲದ ಮೇಲೆ ಅಳೆದರೆ ಬೇರೊಂದು ತೊಡಕು. ಚಳಿಗಾಲದ ಆರಂಭದಲ್ಲಿ ನೆಲದೊಳಗೆ ಬೇಸಗೆಯ ಶಾಖ ಇನ್ನೂ ಉಳಿದಿರುವುದರಿಂದ, ಬಿದ್ದ ಹಿಮ ತಳದಿಂದಲೇ ಕರಗತೊಡಗುತ್ತದೆ. ಹಲಗೆ ಈ ಎರಡು ದೋಷಗಳನ್ನೂ ಬಹುಮಟ್ಟಿಗೆ ನಿವಾರಿಸುತ್ತದೆ. ಬಿಳಿಯ ಬಣ್ಣವೇಕೆಂದರೆ, ಕಪ್ಪು ಹಲಗೆ ಬಿಸಿಲನ್ನು ಹೀರಿ ಹಿಮವನ್ನು ಕರಗಿಸುತ್ತದೆ.

ಹಲಗೆಯನ್ನು ಮರ, ಗೋಡೆ, ಸೂರುಗಳಿಂದ ದೂರವಾಗಿ, ಗಾಳಿ ಹಿಮವನ್ನು ಗುಡ್ಡೆ ಹಾಕದ ಕಡೆ ಇಡಬೇಕು. ಗೊತ್ತಾದ ಹೊತ್ತಿಗೆ ಅಳೆದು, ಹಲಗೆಯನ್ನು ಗುಡಿಸಿ, ಹೊಸ ಹಿಮದ ಮಟ್ಟದ ಮೇಲೆ ಮತ್ತೆ ಇಡಬೇಕು. ದಿನಕ್ಕೊಮ್ಮೆ ಅಳೆಯಬಹುದು, ಹೆಚ್ಚೆಂದರೆ ಆರು ಗಂಟೆಗಳಿಗೊಮ್ಮೆ. ಬಿದ್ದ ಹಿಮ ಬಿದ್ದಂತೆಯೇ ಕರಗಿ ಅಳತೆಗೆ ಸಿಕ್ಕದಿದ್ದರೆ ‘ಲೇಶ’ವೆಂದು ಬರೆಯಬೇಕು. ಏನೂ ಬೀಳದ ದಿನ ತಪ್ಪದೆ ಸೊನ್ನೆಯನ್ನು ಬರೆಯಬೇಕು. ಖಾಲಿ ಬಿಟ್ಟ ಜಾಗಕ್ಕೆ ‘ನೋಡಲಿಲ್ಲ’ ಎಂದು ಅರ್ಥ. ಸೊನ್ನೆಗೆ ‘ನೋಡಿದೆವು, ಬೀಳಲಿಲ್ಲ’ ಎಂದು ಅರ್ಥ.

ಹಿಮದೊಳಗಿನ ನೀರು

ಎತ್ತರವನ್ನು ಅಳೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಹಿಮದಲ್ಲಿ ನೀರೆಷ್ಟು? ಇದನ್ನು ತಿಳಿಯಲು ನೇರ ಅಂಚಿನ ಕೊಳವೆಯಾಕಾರದ ಪಾತ್ರೆಯನ್ನು ಹಲಗೆಯ ಮೇಲಿನ ಹಿಮದೊಳಕ್ಕೆ ಬೋರಲಾಗಿ ಒತ್ತಿ, ಒಳಗೆ ಸಿಕ್ಕಿದ ಹಿಮವನ್ನು ಕರಗಿಸಿ ಅಳೆಯುತ್ತಾರೆ. ಒಲೆಯ ಮೇಲಿಟ್ಟರೆ ನೀರು ಆವಿಯಾಗಿ ನಷ್ಟವಾಗಬಹುದು. ಆದ್ದರಿಂದ ಅಳೆದ ಬಿಸಿನೀರನ್ನು ಸುರಿದು ಕರಗಿಸಿ, ಕೊನೆಗೆ ಅಷ್ಟನ್ನು ಕಳೆಯುವುದು ಜಾಣತನ. ಪಾತ್ರೆಯ ಬಾಯಿಯ ವಿಸ್ತೀರ್ಣ 100 ಚದರ ಸೆಂಟಿಮೀಟರು ಇದೆಯೆನ್ನಿ. 200 ಮಿಲಿಲೀಟರು ಬಿಸಿನೀರು ಸೇರಿಸಿದ ಮೇಲೆ ಒಟ್ಟು 320 ಮಿಲಿಲೀಟರು ಆಯಿತು. ಹಿಮದಿಂದ ಬಂದದ್ದು 120 ಘನ ಸೆಂಟಿಮೀಟರು. ಅದನ್ನು 100ರಿಂದ ಭಾಗಿಸಿದರೆ 1.2 ಸೆಂಟಿಮೀಟರು, ಅಂದರೆ 12 ಮಿಲಿಮೀಟರು ಮಳೆಗೆ ಸಮ.

ಹತ್ತು ಅಂಗುಲ ಹಿಮಕ್ಕೆ ಒಂದು ಅಂಗುಲ ನೀರು ಎಂಬುದು ಸ್ಥೂಲವಾದ ಎಣಿಕೆ. ಒದ್ದೆ ಹಿಮವಾದರೆ ಐದು ಅಂಗುಲಕ್ಕೇ ಅಷ್ಟು ನೀರು ಬರಬಹುದು. ಒಣಗಿದ ಹಗುರ ಹಿಮವಾದರೆ ಇಪ್ಪತ್ತು ಅಂಗುಲವೂ ಬೇಕಾಗಬಹುದು. ಈ ವ್ಯತ್ಯಾಸ ಪುಸ್ತಕದ ಲೆಕ್ಕವಷ್ಟೇ ಎಂದು ಭಾವಿಸಬಾರದು. 100 ಚದರ ಮೀಟರಿನ ಮಟ್ಟಸ ಮಾಳಿಗೆಯೊಂದರ ಮೇಲೆ ಐದು ಅಡಿ, ಎಂದರೆ 60 ಅಂಗುಲ ಹಿಮ ಕುಳಿತಿದೆಯೆಂದು ಭಾವಿಸೋಣ. ಇಪ್ಪತ್ತಕ್ಕೊಂದರ ಲೆಕ್ಕದಲ್ಲಿ ಅದರ ಭಾರ ಸುಮಾರು ಏಳೂವರೆ ಟನ್. ಹತ್ತಕ್ಕೊಂದರ ಲೆಕ್ಕದಲ್ಲಿ ಹದಿನೈದು ಟನ್. ಹಿಮ ಬಿದ್ದ ಬಳಿಕ ಮಳೆ ಬಂದರೆ ಆ ನೀರನ್ನೂ ಹಿಮ ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಮಾಳಿಗೆಯ ಮೇಲಿನ ಹಿಮದ ಎತ್ತರ ಹೊರಗಿನಿಂದ ಎಲ್ಲರಿಗೂ ಕಾಣುತ್ತದೆ. ಅದರ ತೂಕವನ್ನು ತಿಳಿದವರು ಪಾತ್ರೆ ಹಿಡಿದು ಅಳೆದವರು ಮಾತ್ರ. ಮಾಳಿಗೆ ತಡೆದೀತೇ, ಹಿಮ ಕರಗಿದಾಗ ಹೊಳೆ ಉಕ್ಕೀತೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದು ಈ ಅಳತೆಯೇ.

ಚಳಿಯ ಅಳತೆ

ಹಿಮ ಬಿದ್ದ ಮರುದಿನ ಮುಗಿಲು ತೆರವಾದರೆ ಚಳಿ ಇದ್ದಕ್ಕಿದ್ದಂತೆ ಬಿಗಿಯುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಪಾಲನ್ನು ಹಿಂದಕ್ಕೆ ಎಸೆದುಬಿಡುತ್ತದೆ. ರಾತ್ರಿಯಲ್ಲಿ ಅದೇ ಹಿಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಧಾರಾಳವಾಗಿ ಹೊರಸೂಸುತ್ತದೆ. ಗಾಳಿ ತುಂಬಿದ ಅದರ ಪದರ ಕಂಬಳಿಯಂತೆ ನೆಲವನ್ನು ಹೊದೆಸಿರುವುದರಿಂದ ಕೆಳಗಿನ ಶಾಖ ಮೇಲಕ್ಕೆ ಬರಲಾರದು. ಆದ್ದರಿಂದ ಹಿಮದ ಮೇಲ್ಮೈಯೂ ಅದನ್ನು ತಾಕುವ ಗಾಳಿಯೂ ಬೆಳಗಿನ ಜಾವದವರೆಗೆ ತಣಿಯುತ್ತಲೇ ಹೋಗುತ್ತವೆ.

ರಾತ್ರಿಯ ಕನಿಷ್ಠ ಉಷ್ಣತೆಯನ್ನು ಅರಿಯಲು ಎದ್ದು ಕುಳಿತಿರಬೇಕಾಗಿಲ್ಲ. ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಎಂಬಾತ 1782ರಲ್ಲಿ ವರ್ಣಿಸಿದ ಗರಿಷ್ಠ-ಕನಿಷ್ಠ ಉಷ್ಣಮಾಪಕ ಇಂದಿಗೂ ಮನೆಗಳಲ್ಲಿ ಬಳಕೆಯಲ್ಲಿದೆ. ‘ಯು’ ಆಕಾರದ ಕೊಳವೆಯಲ್ಲಿನ ಪಾದರಸ, ಮದ್ಯಸಾರದ ಹಿಗ್ಗು ಕುಗ್ಗುಗಳಿಗೆ ಅನುಸಾರವಾಗಿ ಸರಿದು, ಪುಟ್ಟ ಉಕ್ಕಿನ ಗುರುತುಕಡ್ಡಿಗಳನ್ನು ತಳ್ಳಿ ಅಲ್ಲಿಯೇ ಬಿಟ್ಟು ಬರುತ್ತದೆ. ಓದಿದ ಬಳಿಕ ಅಯಸ್ಕಾಂತದಿಂದ ಕಡ್ಡಿಗಳನ್ನು ಪಾದರಸದವರೆಗೆ ಹಿಂದಕ್ಕೆ ಎಳೆಯಬೇಕು. ಆದರೆ ಪಾದರಸ −39 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ ಗಟ್ಟಿಯಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಓಲ್ಡ್ ಫೋರ್ಜ್ ಎಂಬಲ್ಲಿ 1979ರ ಫೆಬ್ರವರಿ 18ರಂದು ಉಷ್ಣತೆ ಸುಮಾರು −47 ಡಿಗ್ರಿಗೆ ಇಳಿದಿತ್ತು. ಅಂಥ ಚಳಿಗೆ ಮದ್ಯಸಾರವನ್ನು ಮಾತ್ರ ತುಂಬಿದ ಮಾಪಕವೋ ವಿದ್ಯುನ್ಮಾನ ಮಾಪಕವೋ ಬೇಕು.

ಮಾಪಕವನ್ನು ಎಲ್ಲಿ ಇಡಬೇಕೆಂಬುದು ಅಷ್ಟೇ ಮುಖ್ಯ. ಗೋಡೆಗೆ ತಗುಲಿಹಾಕಿದರೆ ಅದು ಗೋಡೆಯ ಉಷ್ಣತೆಯನ್ನು ಹೇಳುತ್ತದೆ. ಬಿಸಿಲಿಗೆ ಒಡ್ಡಿದರೆ ತನ್ನದೇ ಉಷ್ಣತೆಯನ್ನು ಹೇಳುತ್ತದೆ. ದೀಪಸ್ತಂಭಗಳ ಎಂಜಿನಿಯರೂ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನರ ತಂದೆಯೂ ಆಗಿದ್ದ ಥಾಮಸ್ ಸ್ಟೀವನ್‌ಸನ್ 19ನೆಯ ಶತಮಾನದಲ್ಲಿ ಇದಕ್ಕೊಂದು ಪರಿಹಾರ ಕಂಡುಹಿಡಿದರು. ನಾಲ್ಕು ಕಡೆಯೂ ಓರೆಪಟ್ಟಿಗಳಿರುವ ಬಿಳಿಯ ಮರದ ಪೆಟ್ಟಿಗೆಯೊಳಗೆ ಮಾಪಕವಿಟ್ಟರೆ ಗಾಳಿ ಒಳಗೆ ಆಡುತ್ತದೆ, ಬಿಸಿಲು ಬೀಳುವುದಿಲ್ಲ. ನೆಲದಿಂದ ಸುಮಾರು ನಾಲ್ಕರಿಂದ ಆರು ಅಡಿ ಎತ್ತರದಲ್ಲಿ ಅದನ್ನು ನಿಲ್ಲಿಸುತ್ತಾರೆ.

ಗಡಿಯಾರದ ಕೈವಾಡ

ಮಾಪಕ ಸರಿಯಿದ್ದು, ಇಟ್ಟ ಸ್ಥಳವೂ ಸರಿಯಿದ್ದರೂ ಓದುವ ಹೊತ್ತಿನಿಂದ ದೋಷ ನುಸುಳಬಹುದು. ಸೋಮವಾರ ಬೆಳಿಗ್ಗೆ 7 ಗಂಟೆಗೆ −18 ಡಿಗ್ರಿಯ ಕೊರೆತವಿದೆ ಎಂದುಕೊಳ್ಳೋಣ. ಅದನ್ನು ಬರೆದುಕೊಂಡು ಕಡ್ಡಿಯನ್ನು ಹಿಂದಕ್ಕೆ ಎಳೆದೆವು. ಆ ಕ್ಷಣದಲ್ಲಿಯೂ ಗಾಳಿ −18 ಡಿಗ್ರಿಯಲ್ಲೇ ಇರುವುದರಿಂದ ಕಡ್ಡಿ ಅಲ್ಲಿಯೇ ನಿಲ್ಲುತ್ತದೆ. ರಾತ್ರಿ ಮೋಡ ಕವಿದು, ಮಂಗಳವಾರದ ಬೆಳಗು ಕೇವಲ −6 ಡಿಗ್ರಿಯಲ್ಲಿದ್ದರೂ ಮಾಪಕ ತೋರಿಸುವ ಕನಿಷ್ಠ −18 ಡಿಗ್ರಿಯೇ! ಒಂದೇ ಚಳಿ ಎರಡು ದಿನಗಳ ಲೆಕ್ಕಕ್ಕೆ ಸೇರಿತು. ಸಂಜೆ ಓದುವವರಿಗೆ ಇದೇ ರೀತಿ ಒಂದೇ ಮಧ್ಯಾಹ್ನದ ಬಿಸಿ ಎರಡು ಸಲ ಲೆಕ್ಕಕ್ಕೆ ಬರಬಹುದು.

ಈ ದೋಷ ಅಲ್ಪವೆನ್ನುವಂತಿಲ್ಲ. ಅಮೆರಿಕದ ಸ್ವಯಂಸೇವಕ ವೀಕ್ಷಕರಲ್ಲಿ ಅನೇಕರು ಮೊದಲು ಸಂಜೆಯಲ್ಲಿ ಮಾಪಕವನ್ನು ಓದುತ್ತಿದ್ದರು. 20ನೆಯ ಶತಮಾನದಲ್ಲಿ ಕ್ರಮೇಣ ಬಹುಮಂದಿ ಬೆಳಗಿನ ಹೊತ್ತಿಗೆ ಬದಲಾಯಿಸಿಕೊಂಡರು. ಮಳೆನೀರು ಆವಿಯಾಗುವ ಮುನ್ನವೇ ಅಳೆಯಲು ಬೆಳಗು ಅನುಕೂಲವಾಗಿತ್ತು. ಇದರ ಪರಿಣಾಮವಾಗಿ ದೇಶವೇ ತಣಿಯುತ್ತಿದೆಯೋ ಎಂಬ ಸುಳ್ಳು ನೆರಳು ಉಷ್ಣತೆಯ ಪಟ್ಟಿಗಳಲ್ಲಿ ಬಿದ್ದಿತು. 1986ರಲ್ಲಿ ಥಾಮಸ್ ಕಾರ್ಲ್ ಮತ್ತು ಅವರ ಸಂಗಡಿಗರು ಈ ದೋಷವನ್ನು ಲೆಕ್ಕ ಹಾಕಿ ತಿದ್ದುವ ವಿಧಾನವನ್ನು ಪ್ರಕಟಿಸಿದರು. ವೀಕ್ಷಕರು ತಾವು ಓದಿದ ಹೊತ್ತನ್ನೂ ಬರೆದಿಟ್ಟಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು. ಭೂಮಿಯ ವಾಯುಗುಣ ಎತ್ತ ಸಾಗುತ್ತಿದೆ ಎಂಬ ಮಹಾಪ್ರಶ್ನೆಗೆ ಬೇಕಾದ ಸಾಕ್ಷ್ಯದಲ್ಲಿ, ಯಾವುದೋ ಹಳ್ಳಿಯ ಹಿತ್ತಿಲಲ್ಲಿ ಯಾರೋ ಬರೆದಿಟ್ಟ ‘ಬೆಳಿಗ್ಗೆ 7 ಗಂಟೆ’ ಎಂಬ ಮಾತಿಗೂ ಸ್ಥಾನವಿದೆ.

ಮನೆಮನೆಯ ವೀಕ್ಷಕರು

ಅಮೆರಿಕದಲ್ಲಿ ಸರ್ಕಾರದೊಡನೆ ಸಹಕರಿಸುವ ಇಂಥ ವೀಕ್ಷಕರ ವ್ಯವಸ್ಥೆ 1890ರ ಕಾನೂನಿನಿಂದ ರೂಪುಗೊಂಡಿತು. ರೈತರು, ಉಪಾಧ್ಯಾಯರು, ಅಂಗಡಿಕಾರರು ಸಂಬಳದ ಆಸೆಯಿಲ್ಲದೆ ದಿನದಿನವೂ ಅಳೆದು ಬರೆದರು. ಇತ್ತೀಚಿನ ಇನ್ನೊಂದು ಪ್ರಯತ್ನ ದುರಂತದಿಂದ ಹುಟ್ಟಿತು. 1997ರ ಜುಲೈ 28ರಂದು ಕೊಲರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದ ಒಂದು ಭಾಗದಲ್ಲಿ ಭಾರಿ ಮಳೆ ಸುರಿದು, ಪ್ರವಾಹದಲ್ಲಿ ಐವರು ಸತ್ತರು. ಅದೇ ನಗರದ ಮತ್ತೊಂದು ಭಾಗದಲ್ಲಿ ಮಳೆ ಅತ್ಯಲ್ಪ. ಎಲ್ಲಿ ಎಷ್ಟು ಸುರಿಯುತ್ತಿದೆಯೆಂಬುದು ಸಕಾಲದಲ್ಲಿ ತಿಳಿಯಲಿಲ್ಲ. ಮರುವರ್ಷವೇ ಅಲ್ಲಿನ ವಿಶ್ವವಿದ್ಯಾನಿಲಯದ ಹವಾತಜ್ಞರು ಮಳೆ, ಆಲಿಕಲ್ಲು, ಹಿಮಗಳನ್ನು ಮನೆಯಲ್ಲೇ ಅಳೆದು ತಿಳಿಸುವ ನಾಗರಿಕರ ಜಾಲವೊಂದನ್ನು ಕಟ್ಟಿದರು. ಇಂದು ಅದು ದೇಶದ ಎಲ್ಲ ರಾಜ್ಯಗಳಿಗೂ ಕೆನಡಾಕ್ಕೂ ಹಬ್ಬಿದೆ. ಅದರಲ್ಲಿ ಶಾಲಾ ಬಾಲಕರೂ ಭಾಗವಹಿಸುತ್ತಾರೆ.

ನಾವೇನು ಮಾಡಬಹುದು?

ಕರ್ನಾಟಕದಲ್ಲಿ ಹಿಮ ಬೀಳದು. ಹಲಗೆ ಇಟ್ಟು ಕಾದರೆ ಮಂಜಿನ ಹನಿಯಷ್ಟೇ ಸಿಕ್ಕೀತು. ಆದರೆ ಮಾಗಿಯ ಚಳಿ ನಮಗೂ ಉಂಟು. ಬೀದರ, ವಿಜಯಪುರದ ಬಯಲುಗಳಲ್ಲಿ ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ನೆಲ ಶಾಖವನ್ನು ಹೊರಸೂಸಿ ತಣಿಯುವ ಕ್ರಮ ಅಲ್ಲಿಗೂ ಇಲ್ಲಿಗೂ ಒಂದೇ. ಬೆಂಗಳೂರಿನ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿ 13ರಂದು ದಾಖಲಾದದ್ದು ಎಂದು ಇಂದು ಹೇಳಬಲ್ಲೆವಾದರೆ, ಆ ಬೆಳಿಗ್ಗೆ ಯಾರೋ ಮಾಪಕವನ್ನು ಓದಿ ಬರೆದಿಟ್ಟದ್ದೇ ಕಾರಣ.

ವಿದ್ಯಾರ್ಥಿಗಳು ಮದ್ಯಸಾರದ ಅಥವಾ ವಿದ್ಯುನ್ಮಾನದ ಒಂದು ಗರಿಷ್ಠ-ಕನಿಷ್ಠ ಮಾಪಕವನ್ನು ಕೊಂಡು ಈ ಕೆಲಸವನ್ನು ಆರಂಭಿಸಬಹುದು. ಜಲನಿರೋಧಕವಾದ ಮಾಪಕವಾದರೆ, ಮೊದಲು ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ಬಟ್ಟಿನೀರು ಬೆರೆಸಿ ಅದರಲ್ಲಿ ಅದ್ದಿ ಪರೀಕ್ಷಿಸಬೇಕು. ಸೊನ್ನೆಯ ಬದಲು ಅರ್ಧ ಡಿಗ್ರಿ ತೋರಿಸಿದರೆ ಮಾಪಕವನ್ನು ಎಸೆಯಬೇಕಾಗಿಲ್ಲ. ಆ ವ್ಯತ್ಯಾಸವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರೆ ಸಾಕು. ಮಾಪಕವನ್ನು ಗೋಡೆಯಿಂದ ದೂರವಾಗಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ತೂಗುಹಾಕಿ, ದಿನವೂ ಒಂದೇ ಹೊತ್ತಿಗೆ ಓದಬೇಕು. ಮಾಪಕವನ್ನು ಬೇರೆ ಕಡೆಗೆ ಸ್ಥಳಾಂತರಿಸಿದರೆ ಆ ದಿನಾಂಕವನ್ನು ಬರೆಯಬೇಕು. ಮರೆತ ದಿನದ ಜಾಗವನ್ನು ಊಹೆಯಿಂದ ತುಂಬದೆ ಖಾಲಿಯಾಗಿಯೇ ಬಿಡಬೇಕು.

ಮಾಂಟೇಗ್ ಊರಿನ ವೀಕ್ಷಕರ ಶ್ರಮವನ್ನು ನಾವು ವ್ಯರ್ಥವೆಂದು ಭಾವಿಸುವುದಿಲ್ಲ. ಆ ಬಿರುಗಾಳಿಯಲ್ಲಿ ಆರು ಸಲ ಹಿಮಕ್ಕಿಳಿದು ಅಳೆದದ್ದಲ್ಲದೆ, ಆರು ಸಲ ಅಳೆದೆನೆಂಬುದನ್ನೂ ಅವರು ಮರೆಮಾಚದೆ ಬರೆದರು. ಆದುದರಿಂದಲೇ ತಜ್ಞರಿಗೆ ಆ ಸಂಖ್ಯೆಯ ನಿಜವಾದ ಬೆಲೆ ತಿಳಿಯಿತು. ದಾಖಲೆ ಅವರ ಕೈತಪ್ಪಿತು; ಅವರ ವರದಿ ಮಾತ್ರ ಇಂದಿಗೂ ನಂಬಿಕೆಗೆ ಅರ್ಹವಾಗಿದೆ.